ಗುಟ್ಟು ಬಿಡದೆ ನಂಬಿಸೋದು ಹೆಂಗೆ? ಝೀರೋ ನಾಲೆಡ್ಜ್ ಪ್ರೂಫ್ ಬಗ್ಗೆ ತಿಪಟೂರಿನ ಹುಡುಗನ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಾನು ತಿಪಟೂರಿನವನು, ಇಂಜಿನಿಯರಿಂಗ್ ಮೂರನೇ ವರ್ಷ. ಝೀರೋ ನಾಲೆಡ್ಜ್ ಪ್ರೂಫ್‌ಗೆ (ಗುಟ್ಟು ಹೇಳದೇನೇ ಅದು ಗೊತ್ತಿದೆ ಅಂತ ಸಾಬೀತು ಮಾಡೋದಕ್ಕೆ) ಎಲ್ರೂ ಹೇಳೋ ಆ ಗುಹೆ ಕತೆ, ಒಳಗಿನ ಬಾಗಿಲು ತೆಗೆಯೋ ಮಂತ್ರ ಗೊತ್ತಿದೆ ಅಂತ ಮಂತ್ರ ಹೇಳದೇನೇ ತೋರಿಸೋದು, ಓದಿದೀನಿ, ಓದುವಾಗ ಅರ್ಥ ಆದಂಗಿರತ್ತೆ, ಆಮೇಲೆ ಡೌಟು ಹಂಗೇ ಉಳ್ಕೊಳತ್ತೆ. ಒಂದು, ನಂಗೆ ಏನೂ ಗೊತ್ತಾಗಲ್ಲ ಅಂದ್ಮೇಲೆ ನಾನು ನಂಬೋದು ಹೆಂಗೆ, ನಂಬಿಕೆ ಬಂತು ಅಂದ್ರೆ ಏನೋ ಗೊತ್ತಾಯ್ತು ಅಂತ ತಾನೆ? ಎರಡು, ನಡೆದಿದ್ದನ್ನೆಲ್ಲ ಮೊಬೈಲಲ್ಲಿ ವಿಡಿಯೋ ಮಾಡಿ ಫ್ರೆಂಡಿಗೆ ತೋರಿಸಿದ್ರೆ ಅವನೂ ನಂಬಬೇಕಲ್ವಾ? ನಂಬಬಾರದು ಅಂತಾರೆ, ಯಾಕೆ ಅಂತ ಯಾರೂ ಬಿಡಿಸಿ ಹೇಳಲ್ಲ. ಮೂರು, ಬ್ಲಾಕ್‌ಚೈನಲ್ಲಿ (ಎಷ್ಟೋ ಕಂಪ್ಯೂಟರು ಒಟ್ಟಿಗೆ ಇಟ್ಕೊಂಡಿರೋ ಲೆಕ್ಕದ ಪುಸ್ತಕ ಅದು) ಎದುರಿಗೆ ಕೂತು ಪ್ರಶ್ನೆ ಕೇಳೋರೇ ಇರಲ್ಲ, ಅಲ್ಲಿ ಇದೆಲ್ಲ ಹೆಂಗೆ ನಡೆಯತ್ತೆ?

ಉತ್ತರ: ನಿಮ್ಮ ಎರಡನೇ ಡೌಟು ಇದೆಯಲ್ಲ, ವಿಡಿಯೋದು, ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಇಡೀ ವಿಷಯ ಅಲ್ಲೇ ಇದೆ. ತುಮಕೂರಲ್ಲಿ ಹುಡುಗರಿಗೆ ಇದನ್ನ ಪಾಠ ಮಾಡುವಾಗ ನಾನೂ ಗುಹೆ ಕತೆ ಬಿಟ್ಟು ಬೇರೆ ಥರ ಶುರು ಮಾಡ್ತೀನಿ, ಯಾಕಂದ್ರೆ ಗುಹೆ ಕತೇಲಿ ಎಲ್ರಿಗೂ ಬಾಗಿಲು ನೆನಪಿರತ್ತೆ, ವಿಡಿಯೋ ಯಾಕೆ ಕೆಲಸಕ್ಕೆ ಬರಲ್ಲ ಅನ್ನೋದು ಮರ್ತುಹೋಗತ್ತೆ.

ತಿಪಟೂರಿನವರು ಅಂದ್ರಲ್ಲ, ಕೊಬ್ಬರಿಯಿಂದಲೇ ಶುರು ಮಾಡೋಣ. ನಮ್ಮ ದೊಡ್ಡಪ್ಪ ಅಟ್ಟದ ಮೇಲೆ ಒಣಗೋಕೆ ಹಾಕಿರೋ ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿ, ಇದು ಉಂಡೆ ಕೊಬ್ಬರಿ ಆಗಿದೆ, ಇದಿನ್ನೂ ಆಗಿಲ್ಲ, ಇದು ಒಳಗೆ ಕೆಟ್ಟಿದೆ ಅಂತ ಹೇಳ್ತಾರೆ. ನಂಗೆ ಎರಡು ಒಣಕಾಯಿ ಅಲ್ಲಾಡಿಸಿದ್ರೆ ಎರಡೂ ಒಂದೇ ಥರ ಕೇಳ್ಸತ್ತೆ. ಈಗ ದೊಡ್ಡಪ್ಪ ಎರಡು ಕಾಯಿ ತೋರ್ಸಿ "ಇವೆರಡರ ಸದ್ದು ಬೇರೆ ಬೇರೆ" ಅಂತಾರೆ ಅಂತಿಟ್ಕೊಳ್ಳಿ, ನಾನು ನಂಬಲ್ಲ, ಅವರು ಹೆಂಗೆ ಗುರುತು ಹಿಡೀತಾರೆ ಅನ್ನೋದನ್ನ ಹೇಳೋಕೆ ತಯಾರಿಲ್ಲ. ಏನ್ ಮಾಡೋದು? ಅವರ ಕಣ್ಣಿಗೆ ಟವಲ್ ಕಟ್ತೀನಿ. ಒಂದು ಕಾಯಿ ಬಲಗೈಲಿ ಒಂದು ಎಡಗೈಲಿ ಹಿಡ್ಕೊಂಡು ಮೊದಲು ಎರಡೂ ಅಲ್ಲಾಡಿಸಿ ಕೇಳಿಸ್ತೀನಿ. ಆಮೇಲೆ ನಾಣ್ಯ ಚಿಮ್ಮಿ, ತಲೆ ಬಿದ್ರೆ ಕಾಯಿ ಅದಲು ಬದಲು ಮಾಡ್ತೀನಿ, ಇಲ್ಲಾಂದ್ರೆ ಹಂಗೇ ಇಟ್ಕೋತೀನಿ, ಮತ್ತೆ ಬಲಗೈ ಎಡಗೈ ಅಲ್ಲಾಡಿಸಿ "ಬದಲಾಗಿದ್ಯಾ ಇಲ್ವಾ?" ಅಂತ ಕೇಳ್ತೀನಿ.

ಸದ್ದು ನಿಜವಾಗಲೂ ಒಂದೇ ಆಗಿದ್ರೆ ಅವರು ಸುಮ್ನೆ ಊಹೆ ಮಾಡ್ಬೇಕು, ಸರಿ ಬರೋ ಛಾನ್ಸ್ ಅರ್ಧಕ್ಕರ್ಧ. ಎರಡು ಸಲ ಸರಿ ಬಂದ್ರೆ ಕಾಲು ಭಾಗ, ಹತ್ತು ಸಲಕ್ಕೆ 1024ಕ್ಕೆ ಒಂದು, ಇಪ್ಪತ್ತು ಸಲ ತಪ್ಪಿಲ್ದೆ ಹೇಳಿದ್ರೆ ಅದು ಬರೀ ಅದೃಷ್ಟ ಆಗಿರೋ ಸಾಧ್ಯತೆ 10,48,576ಕ್ಕೆ ಒಂದು. ನಾನು ನಂಬ್ತೀನಿ. ಆದ್ರೆ ಸಂಜೆ ಮನೆಗೆ ಬಂದು ನಾನೇ ಕಾಯಿ ಅಲ್ಲಾಡಿಸಿದ್ರೆ ನಂಗೆ ಮೊದಲಿನಷ್ಟೇ ಗೊತ್ತಿರತ್ತೆ, ಎರಡೂ ಒಂದೇ ಥರ. ಯಾವುದು ಕೆಟ್ಟಿದ್ದು ಅಂತಾನೂ ಗೊತ್ತಿಲ್ಲ, ಗಮನಿಸಿ, ಯಾಕಂದ್ರೆ ಸಾಬೀತಾಗಿದ್ದು "ಬೇರೆ ಬೇರೆ" ಅನ್ನೋದು ಅಷ್ಟೇ.

ಇಲ್ಲೇ ನಿಮ್ಮ ಮೊದಲನೇ ಡೌಟಿಗೆ ಅರ್ಧ ಉತ್ತರ ಸಿಕ್ತು. ನಂಬಿಕೆ ಬಂತು ಅಂದ್ರೆ ಒಂದು ವಿಷಯ ಗೊತ್ತಾಯ್ತು ನಿಜ, ಅದು "ಇವರ ಮಾತು ನಿಜ" ಅನ್ನೋ ಒಂದೇ ಒಂದು ವಿಷಯ, ಅದು ಗೊತ್ತಾಗಲೇಬೇಕು, ಇಲ್ಲಾಂದ್ರೆ ಪ್ರೂಫ್ ಯಾಕೆ. ಝೀರೋ ಅಂತ ಹೇಳೋದು ಅದನ್ನ ಬಿಟ್ಟು ಮಿಕ್ಕಿದ್ದಕ್ಕೆ. ಜ್ಞಾನ ಅಂದ್ರೆ ಇಲ್ಲಿ ಏನು ಅಂದ್ರೆ, ನಿನ್ನೆ ನನ್ನ ಕೈಲಿ ಆಗ್ದೇ ಇದ್ದ ಕೆಲಸ ಇವತ್ತು ಆಗತ್ತಾ ಅನ್ನೋದು. ನಿನ್ನೆ ಕಾಯಿ ಗುರುತು ಹಿಡಿಯೋಕೆ ಬರ್ತಿರ್ಲಿಲ್ಲ, ಇವತ್ತೂ ಬರಲ್ಲ.

ಈಗ ವಿಡಿಯೋ. ದೊಡ್ಡಪ್ಪ ಇಪ್ಪತ್ತು ಸಲ ಏನು ಹೇಳಿದ್ರು? "ಬದಲಾಗಿದೆ", "ಇಲ್ಲ", "ಇಲ್ಲ", "ಬದಲಾಗಿದೆ"... ಈ ಒಂದೊಂದು ಉತ್ತರಾನೂ ಅವರು ಬಾಯಿ ಬಿಡೋಕೆ ಮುಂಚೆನೇ ನಂಗೆ ಗೊತ್ತಿತ್ತು, ಬದಲು ಮಾಡಿದವಳು ನಾನೇ ತಾನೆ! ಅಂದ್ರೆ ನಾನು ಒಬ್ಳೇ ಮನೇಲಿ ಕೂತು, ನಾಣ್ಯ ಚಿಮ್ಮಿ, ಒಂದು ಹಾಳೆ ಮೇಲೆ "ಬದಲು ಮಾಡ್ದೆ, ಬದಲಾಗಿದೆ ಅಂದ್ರು" ಅಂತ ಇಪ್ಪತ್ತು ಸಾಲು ಬರೆದಿದ್ರೆ, ಆ ಹಾಳೆಗೂ ನಿಜವಾಗಿ ನಡೆದಿದ್ದನ್ನ ಬರೆದಿಟ್ಟ ಹಾಳೆಗೂ ಒಂದು ಅಕ್ಷರ ವ್ಯತ್ಯಾಸ ಇರಲ್ಲ. ದೊಡ್ಡಪ್ಪ ಇಲ್ದೇನೇ ನಾನು ತಯಾರು ಮಾಡ್ಬಹುದಾದ್ದನ್ನ ದೊಡ್ಡಪ್ಪ ನಂಗೆ ಕೊಟ್ಟಿದ್ದಾರೆ ಅಂದ್ರೆ ಅವರು ಹೊಸದಾಗಿ ಏನೂ ಕೊಟ್ಟಿಲ್ಲ ಅಂತಲೇ ಅರ್ಥ. ಇದೇ ಝೀರೋ ನಾಲೆಡ್ಜಿನ ಡೆಫಿನಿಷನ್, ಇದಕ್ಕಿಂತ ಬೇರೆ ಇಲ್ಲ. ಗುಟ್ಟು ಗೊತ್ತಿಲ್ದೆ ಇಂಥ ಸುಳ್ಳು ಹಾಳೆ ತಯಾರು ಮಾಡೋ ಪ್ರೋಗ್ರಾಮಿಗೆ ಸಿಮ್ಯುಲೇಟರ್ ಅಂತಾರೆ. 1985ರಲ್ಲಿ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ, ಚಾರ್ಲ್ಸ್ ರಾಕಾಫ್ ಈ ಮೂರು ಜನ ಬರೆದ ಪೇಪರಿನ ದೊಡ್ಡತನ ಇರೋದೇ ಇಲ್ಲಿ, "ಏನೂ ಗೊತ್ತಾಗಲಿಲ್ಲ" ಅನ್ನೋ ಮಾತನ್ನ ಗಣಿತದಲ್ಲಿ ಹಿಡಿಯೋದು ಹೆಂಗೆ ಅಂತ ತೋರಿಸಿದ್ರು. ಮೊದಲಿಬ್ಬರಿಗೆ 2012ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಹಾಗಾದ್ರೆ ನಾನು ಯಾಕೆ ನಂಬಿದೆ, ನಿಮ್ಮ ಫ್ರೆಂಡ್ ಯಾಕೆ ನಂಬಬಾರದು? ಹಾಳೆ ಮೇಲಿರೋದು ಇಬ್ಬರಿಗೂ ಒಂದೇ. ಆದ್ರೆ ನಾಣ್ಯ ನಿಜವಾಗಿ ಚಿಮ್ಮಿದ್ದು ನಾನು, ಅದು ದೊಡ್ಡಪ್ಪನಿಗೆ ಮೊದಲೇ ಗೊತ್ತಿರೋಕೆ ಸಾಧ್ಯ ಇರ್ಲಿಲ್ಲ ಅನ್ನೋದು ನಂಗೆ ಗೊತ್ತು. ಫ್ರೆಂಡಿಗೆ ಅದು ಗೊತ್ತಿಲ್ಲ, ನಾನೂ ದೊಡ್ಡಪ್ಪನೂ ಮೊದಲೇ ಮಾತಾಡ್ಕೊಂಡು ವಿಡಿಯೋ ಮಾಡಿರಬಹುದು. ಪ್ರೂಫಿನ ಶಕ್ತಿ ಮಾತಲ್ಲಿಲ್ಲ, ಯಾವ ಮಾತು ಮೊದಲು ಯಾವುದು ಆಮೇಲೆ ಅನ್ನೋದ್ರಲ್ಲಿದೆ. ಮುಂದೆ ಎಲ್ಲಾ ಕಡೆ ಇದೇ ಬರತ್ತೆ ನೋಡ್ತಿರಿ.

ಒಂದು ಎಚ್ಚರಿಕೆ ಹೇಳಿ ಕಾಯಿ ಬಿಡ್ತೀನಿ. ನಾನು ಮೋಸಗಾತಿ ಆಗಿದ್ರೆ? ಅಟ್ಟದಿಂದ ಮೂರನೇ ಕಾಯಿ ಒಂದು ತಂದು, ಬಲಗೈಲಿದ್ದ ಕಾಯಿ ಜಾಗದಲ್ಲಿ ಅದನ್ನ ಅಲ್ಲಾಡಿಸಿ ಕೇಳಿದ್ರೆ, ದೊಡ್ಡಪ್ಪನ ಉತ್ತರದಿಂದ ಆ ಮೂರನೇ ಕಾಯಿ ಯಾವ ಜಾತಿಗೆ ಸೇರಿದ್ದು ಅಂತ ನಂಗೆ ಗೊತ್ತಾಗ್ಬಿಡತ್ತೆ, ಅದು ನಂಗೆ ಮೊದಲು ಗೊತ್ತಿರ್ಲಿಲ್ಲ, ಅಂದ್ರೆ ಗುಟ್ಟು ಸೋರ್ತು. ಹಂಗಾಗಿ ಈ ಆಟ ಪ್ರಾಮಾಣಿಕವಾಗಿ ಕೇಳೋರ ಮುಂದೆ ಮಾತ್ರ ಝೀರೋ ನಾಲೆಡ್ಜ್. ಪರೀಕ್ಷೆಲಿ ಎಷ್ಟೋ ಹುಡುಗರು ಇದನ್ನ ಬಿಡ್ತಾರೆ, ನೀವು ಬಿಡಬೇಡಿ.

ಇನ್ನೊಂದು ಆಟ, ಇದರಲ್ಲಿ ಕೇಳೋರು ಏನೇ ಕಿತಾಪತಿ ಮಾಡಿದ್ರೂ ಏನೂ ಸೋರಲ್ಲ. ಯಡಿಯೂರಲ್ಲಿ ಮದುವೆ, ಊರಿಂದ ಮೂರು ಬಸ್ಸು. ನಲವತ್ತು ಮನೆಯೋರು ಬರಬೇಕು, ಅದರಲ್ಲಿ ಮಾತು ಬಿಟ್ಟಿರೋ ಜೋಡಿಗಳು ನೂರು, ಮಾತು ಬಿಟ್ಟ ಎರಡು ಮನೆ ಒಂದೇ ಬಸ್ಸಲ್ಲಿ ಕೂರಬಾರದು. ಸೋದರಮಾವ "ನಾನು ಎಲ್ಲ ಸರಿಹೊಂದಿಸಿದೀನಿ, ಆದ್ರೆ ಲಿಸ್ಟ್ ತೋರ್ಸಲ್ಲ" ಅಂತಾರೆ, ತೋರ್ಸಿದ್ರೆ ಯಾವ ಮನೆ ಜೊತೆ ಯಾರನ್ನ ಹಾಕಿದ್ರು ಅಂತ ಅದಕ್ಕೊಂದು ಜಗಳ ಶುರುವಾಗತ್ತೆ. (ಇದೇ ಗ್ರಾಫ್ ತ್ರೀ ಕಲರಿಂಗ್, ಅಂದ್ರೆ ಗೆರೆ ಎಳೆದು ಸೇರಿಸಿರೋ ಎರಡು ಚುಕ್ಕಿಗೆ ಒಂದೇ ಬಣ್ಣ ಬರದಂಗೆ ಮೂರೇ ಬಣ್ಣ ಹಚ್ಚೋದು, ಇಲ್ಲಿ ಬಣ್ಣದ ಬದಲು ಬಸ್ಸು ಅಷ್ಟೇ. ನಲವತ್ತು ಮನೆ ಆದ್ರೆ ಕಂಪ್ಯೂಟರ್ ಹುಡುಕಿಬಿಡಬಹುದು, ಸಾವಿರಾರು ಮನೆ ಆದ್ರೆ ಸಾಮಾನ್ಯವಾಗಿ ಎಲ್ಲಾ ಕೇಸಿಗೂ ಆಗೋ ಬೇಗದ ದಾರಿ ಯಾರಿಗೂ ಗೊತ್ತಿಲ್ಲ.)

ಮಾವ ಒಳಗಡೆ ಕೋಣೇಲಿ ಮೊದಲು ಬಸ್ಸಿನ ನಂಬರ್ ಕಲಸ್ತಾರೆ, ಅಂದ್ರೆ ನಿಜವಾದ ಒಂದನ್ನ ಇವತ್ತು ಮೂರು ಅಂತ ಕರೆಯೋದು, ಎರಡನ್ನ ಒಂದು ಅಂತ, ಹಿಂಗೆ ಮನಸ್ಸಿಗೆ ಬಂದಂಗೆ. ಆಮೇಲೆ ನಲವತ್ತು ಚೀಟಿಲಿ ಆಯಾ ಮನೆಯ ಬಸ್ ನಂಬರ್ ಬರೆದು, ಮನೆ ಹೆಸರಿನ ಎದುರು ಇಟ್ಟು, ಒಂದೊಂದರ ಮೇಲೂ ಸ್ಟೀಲ್ ಲೋಟ ಬೋರಲು ಹಾಕ್ತಾರೆ. ನನ್ನ ಒಳಗೆ ಕರೀತಾರೆ. ನಾನು ಮಾತು ಬಿಟ್ಟ ಒಂದು ಜೋಡಿ ಆರಿಸ್ತೀನಿ, ಆ ಎರಡೇ ಲೋಟ ಎತ್ತಿ ತೋರಿಸ್ತಾರೆ, ನಂಬರ್ ಬೇರೆ ಬೇರೆ ಇರಬೇಕು. ಆಮೇಲೆ ಎಲ್ಲಾ ಚೀಟಿ ಹರಿದು ಹಾಕಿ, ನಂಬರ್ ಹೊಸದಾಗಿ ಕಲಸಿ, ಮತ್ತೆ ಮೊದಲಿಂದ.

ಮಾವ ಸುಳ್ಳು ಹೇಳ್ತಿದ್ರೆ ನೂರರಲ್ಲಿ ಕನಿಷ್ಠ ಒಂದು ಜೋಡಿ ಎಡವಟ್ಟಾಗಿರತ್ತೆ, ಒಂದು ಸಲಕ್ಕೆ ಸಿಕ್ಕಿಬೀಳೋ ಛಾನ್ಸ್ ಬರೀ ನೂರಕ್ಕೆ ಒಂದು, ನೂರು ಸಲ ಆಡಿದ್ರೂ ಅವರು ತಪ್ಪಿಸ್ಕೊಳ್ಳೋ ಸಾಧ್ಯತೆ ಇನ್ನೂ ಶೇಕಡಾ 36ರಷ್ಟಿದೆ. ಆದ್ರೆ ಎರಡು ಸಾವಿರ ಸಲ ಆಡಿದ್ರೆ ಅದು ಸುಮಾರು ಐವತ್ತು ಕೋಟಿಗೆ ಒಂದಕ್ಕೆ ಇಳಿಯತ್ತೆ. ಲೋಟ ಎತ್ತಿ ಎತ್ತಿ ಕೈ ಸೋತೋಗತ್ತೆ, ಕಂಪ್ಯೂಟರಿಗೆ ಏನೂ ಅಲ್ಲ.

ನಂಗೆ ಕಂಡಿದ್ದು ಏನು? ಪ್ರತಿ ಸಲಾನೂ ಎರಡು ಬೇರೆ ಬೇರೆ ನಂಬರು, ಅದೂ ಕಲಸಿದ ನಂಬರು. ನಂಬರ್ ಕಲಸದೇ ಇದ್ರೆ ನಾನು ಒಂದೊಂದೇ ಜೋಡಿ ಕೇಳಿ ಇಡೀ ಲಿಸ್ಟ್ ಕೂಡಿಸ್ಕೊಂಡುಬಿಡ್ತಿದ್ದೆ, ಕಲಸಿದ್ರಿಂದ ಈ ಸಲದ 3ಕ್ಕೂ ಹೋದ ಸಲದ 3ಕ್ಕೂ ಸಂಬಂಧಾನೇ ಇಲ್ಲ. ಈಗ ಸಿಮ್ಯುಲೇಟರ್ ನೋಡಿ: ಲಿಸ್ಟ್ ಗೊತ್ತೇ ಇಲ್ದಿರೋ ಒಬ್ಬರು, ನಾನು ಯಾವ ಜೋಡಿ ಕೇಳ್ತೀನಿ ಅಂತ ಊಹೆ ಮಾಡಿ, ಆ ಎರಡು ಲೋಟದ ಕೆಳಗೆ ಮಾತ್ರ ಬೇರೆ ಬೇರೆ ನಂಬರ್ ಇಟ್ಟು ಮಿಕ್ಕಿದ್ದರ ಕೆಳಗೆ ಏನೋ ಒಂದು ಇಡ್ತಾರೆ. ಊಹೆ ತಪ್ಪಾದ್ರೆ ಆ ರೆಕಾರ್ಡಿಂಗ್ ಅಳಿಸಿ ಮತ್ತೆ ಮೊದಲಿಂದ, ಸರಾಸರಿ ನೂರು ಸಲಕ್ಕೆ ಒಂದು ಸಲ ಊಹೆ ಸರಿ ಬರತ್ತೆ, ಅದನ್ನ ಮಾತ್ರ ಉಳಿಸ್ಕೋತಾರೆ. ಕೊನೆಗೆ ಸಿಗೋ ವಿಡಿಯೋ ನಿಜವಾದ ಮಾವನ ವಿಡಿಯೋ ಥರಾನೇ ಇರತ್ತೆ. ನಾನು ಎಷ್ಟೇ ಕೆಟ್ಟ ಬುದ್ಧಿ ಉಪಯೋಗಿಸಿ ಜೋಡಿ ಆರಿಸಿದ್ರೂ ಈ ಟ್ರಿಕ್ ನಡೆಯತ್ತೆ, ಕಾಯಿ ಆಟದ ತೂತು ಇಲ್ಲಿ ಮುಚ್ಚಿತು. ಎದುರಿಗೆ ಕೂತ ಮಾವನಿಗೆ ಮಾತ್ರ ಅಳಿಸಿ ಮತ್ತೆ ಮಾಡೋ ಸೌಕರ್ಯ ಇಲ್ಲ, ಲೋಟ ಬೋರಲು ಹಾಕಿದ ಮೇಲೇನೇ ಪ್ರಶ್ನೆ ಬರೋದು. ಮತ್ತೆ ಅದೇ, ಯಾವುದು ಮೊದಲು ಯಾವುದು ಆಮೇಲೆ.

ಕಂಪ್ಯೂಟರಲ್ಲಿ ಲೋಟ ಅಂದ್ರೆ ಕಮಿಟ್‌ಮೆಂಟ್. ನಂಬರಿನ ಜೊತೆ ಉದ್ದದ ಒಂದು ರ‍್ಯಾಂಡಮ್ ಸಂಖ್ಯೆ ಸೇರಿಸಿ ಎಸ್‌ಎಚ್‌ಎ-256 ಥರದ ಹ್ಯಾಶ್ ತೆಗೆದು ಕಳಿಸೋದು, ಹ್ಯಾಶ್ ಅಂದ್ರೆ ಒಳಗೆ ಹಾಕಿದ್ದನ್ನ ತಿರುಗಿ ಕಂಡುಹಿಡಿಯೋಕಾಗದ ಬೆರಳಚ್ಚಿನಂಥ ಸಂಖ್ಯೆ. ಬರೀ ನಂಬರನ್ನ ಹ್ಯಾಶ್ ಮಾಡ್ಬೇಡಿ, ಇರೋದೇ ಮೂರು ನಂಬರು, ಮೂರನ್ನೂ ಹ್ಯಾಶ್ ಮಾಡಿ ಹೋಲಿಸಿದ್ರೆ ಲೋಟ ಗಾಜಿನದಾಯ್ತು. ಇನ್ನು ಈ ಬಸ್ಸಿನ ಆಟ ಯಾಕೆ ಇಷ್ಟು ಮುಖ್ಯ ಅಂದ್ರೆ, ಉತ್ತರ ಕೈಗೆ ಕೊಟ್ರೆ ಬೇಗ ಚೆಕ್ ಮಾಡ್ಬಹುದು ಅನ್ನೋಂಥ ಯಾವ ಸಮಸ್ಯೆನಾದ್ರೂ ಬಸ್ಸಿನ ಸಮಸ್ಯೆಯಾಗಿ ತಿರುಗಿಸ್ಬಹುದು, ಸುಡೋಕು ಆಗಲಿ, ಪಾಸ್‌ವರ್ಡ್ ಆಗಲಿ. 1986ರಲ್ಲಿ ಗೋಲ್ಡ್‌ರೈಶ್, ಮಿಕಾಲಿ, ವಿಗ್ಡರ್ಸನ್ ಇದನ್ನ ತೋರಿಸಿದ್ರು, ಗಟ್ಟಿ ಲೋಟ ಒಂದಿದ್ರೆ ಇಂಥ ಎಲ್ಲದಕ್ಕೂ ಝೀರೋ ನಾಲೆಡ್ಜ್ ಪ್ರೂಫ್ ಇದೆ ಅಂತ.

ಈಗ ಪೇಪರ್ ಪೆನ್ನು ತಗೊಳ್ಳಿ, ಸಣ್ಣ ಲೆಕ್ಕ. ಕ್ಲಾಸ್ ಶ್ನೋರ್ 1989ರಲ್ಲಿ ಕೊಟ್ಟ ವಿಧಾನ, ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ಇದು. ಗುಣಾಕಾರ ಎಲ್ಲ 23ರಿಂದ ಭಾಗಿಸಿ ಶೇಷ ತಗೊಳ್ಳೋದು. 2ನ್ನ 2ರಿಂದ ಗುಣಿಸ್ತಾ ಹೋದ್ರೆ ಹನ್ನೊಂದನೇ ಘಾತಕ್ಕೆ 2048, ಶೇಷ 1, ಹಂಗಾಗಿ ಘಾತಗಳನ್ನ 11ರಿಂದ ಭಾಗಿಸಿ ಶೇಷ ತಗೊಂಡ್ರೆ ಸಾಕು. ನನ್ನ ಗುಟ್ಟು 7. ಎಲ್ರಿಗೂ ಹೇಳೋದು 2ರ ಏಳನೇ ಘಾತ, 128, ಶೇಷ 13. ಗುಟ್ಟು ಗೊತ್ತಿದೆ ಅಂತ ನಿಮ್ಮನ್ನ ನಂಬಿಸ್ಬೇಕು.

ಮೊದಲು ನಾನು ಒಂದು ರ‍್ಯಾಂಡಮ್ ಸಂಖ್ಯೆ ಇಟ್ಕೋತೀನಿ, 4 ಅನ್ನಿ, 2ರ ನಾಲ್ಕನೇ ಘಾತ 16 ಅಂತ ನಿಮಗೆ ಕಳಿಸ್ತೀನಿ. ಇದು ಲೋಟ. ನೀವು ಸವಾಲು ಕಳಿಸ್ತೀರಿ, 3. ನಾನು 4ಕ್ಕೆ 3 ಇಂಟು 7 ಕೂಡಿಸ್ತೀನಿ, 25, ಹನ್ನೊಂದರಿಂದ ಶೇಷ 3, ಅದನ್ನ ಉತ್ತರ ಅಂತ ಕಳಿಸ್ತೀನಿ. ನೀವು ಚೆಕ್ ಮಾಡಿ: 2ರ ಮೂರನೇ ಘಾತ 8. ಈ ಕಡೆ 16 ಇಂಟು 13ರ ಮೂರನೇ ಘಾತ, 13ರ ಮೂರನೇ ಘಾತದ ಶೇಷ 12, 16 ಇಂಟು 12 ಅಂದ್ರೆ 192, ಶೇಷ 8. ಕೂಡ್ತು. ಉತ್ತರದಲ್ಲಿ 7 ಇದೆ, ಆದ್ರೆ ನಿಮಗೆ ಗೊತ್ತಿಲ್ಲದ 4 ಅದನ್ನ ಮುಚ್ಚಿದೆ.

ಈಗ ಸುಳ್ಳು ವಿಡಿಯೋ ನಾವೇ ಮಾಡೋಣ, 7 ಗೊತ್ತಿಲ್ಲ ಅಂದ್ಕೊಳ್ಳಿ. ಹಿಂದುಮುಂದು ಮಾಡಿ. ಮೊದಲು ಉತ್ತರ 5 ಅಂತ ಇಟ್ಕೊಳ್ಳಿ, ಸವಾಲು 2 ಅಂತ ಇಟ್ಕೊಳ್ಳಿ, ಎರಡೂ ಮನಸ್ಸಿಗೆ ಬಂದಿದ್ದು. 2ರ ಐದನೇ ಘಾತ 32, ಶೇಷ 9. 13ರ ವರ್ಗ 169, ಶೇಷ 8. ಈಗ ಯಾವ ಸಂಖ್ಯೆಯನ್ನ 8ರಿಂದ ಗುಣಿಸಿದ್ರೆ 9 ಬರತ್ತೆ? 4, ಯಾಕಂದ್ರೆ 32, ಶೇಷ 9. ಲೋಟದ ಜಾಗದಲ್ಲಿ 4 ಬರೀರಿ. ಮುಗೀತು, ಲೋಟ 4, ಸವಾಲು 2, ಉತ್ತರ 5, ಯಾರು ಚೆಕ್ ಮಾಡಿದ್ರೂ ಕೂಡತ್ತೆ, ಗುಟ್ಟು ಗೊತ್ತಿಲ್ಲದೋರು ಬರೆದಿದ್ದು ಅಂತ ಯಾರಿಗೂ ಕಂಡುಹಿಡಿಯೋಕಾಗಲ್ಲ. ನಿಮ್ಮ ಫ್ರೆಂಡ್ ವಿಡಿಯೋ ಯಾಕೆ ನಂಬಬಾರದು ಅಂತ ಈಗ ನಿಮ್ಮ ಕೈಯಲ್ಲೇ ಲೆಕ್ಕ ಇದೆ, ಸವಾಲು ಮೊದಲು ಗೊತ್ತಿದ್ರೆ ಯಾರು ಬೇಕಾದ್ರೂ ಇದನ್ನ ತಯಾರು ಮಾಡ್ಬಹುದು, ಲೋಟ ಮೊದಲು ಕೊಟ್ಟು ಸವಾಲು ಆಮೇಲೆ ಬಂದ್ರೆ ಗುಟ್ಟು ಗೊತ್ತಿರೋರಿಗೆ ಮಾತ್ರ ಸಾಧ್ಯ.

ಗುಟ್ಟು ಗೊತ್ತಿರೋರಿಗೆ ಮಾತ್ರ ಅಂತ ಯಾಕೆ ಧೈರ್ಯವಾಗಿ ಹೇಳ್ತೀನಿ ಅಂದ್ರೆ, ಅದೇ 16ಕ್ಕೆ ಯಾರಾದ್ರೂ ಎರಡು ಬೇರೆ ಸವಾಲಿಗೆ ಸರಿ ಉತ್ತರ ಕೊಟ್ರೆ ಆ ಎರಡರಿಂದ ಗುಟ್ಟು ಹೊರಗೆ ಬರತ್ತೆ. ಸವಾಲು 3ಕ್ಕೆ ಉತ್ತರ 3, ಸವಾಲು 1ಕ್ಕೆ ಉತ್ತರ 4 ಪ್ಲಸ್ 7, 11, ಶೇಷ 0. ಉತ್ತರಗಳ ವ್ಯತ್ಯಾಸ 3, ಸವಾಲುಗಳ ವ್ಯತ್ಯಾಸ 2. ಹನ್ನೊಂದರ ಲೆಕ್ಕದಲ್ಲಿ 2ರಿಂದ ಗುಣಿಸಿದ್ರೆ 3 ಬರೋದು ಯಾವುದು? 7. ಅಂದ್ರೆ ಯಾವ ಸವಾಲು ಬಂದ್ರೂ ಉತ್ತರ ಕೊಡೋ ಶಕ್ತಿ ಇದ್ರೆ ಗುಟ್ಟು ಅವರ ಹತ್ರ ಇದ್ದಂಗೇನೇ. ಇದರ ಇನ್ನೊಂದು ಮುಖ, ಒಂದು ಸಲ ಉಪಯೋಗಿಸಿದ ರ‍್ಯಾಂಡಮ್ ಸಂಖ್ಯೆ ಇನ್ನೊಂದು ಸಲ ಯಾವತ್ತೂ ಉಪಯೋಗಿಸ್ಬಾರದು. ಪ್ಲೇಸ್ಟೇಷನ್ 3ರ ಸಹಿ ಕೀ 2010ರಲ್ಲಿ ಹೊರಬಿದ್ದಿದ್ದು ಇದೇ ಥರದ ತಪ್ಪಿಂದ, ಅವರ ಸಹಿ ವಿಧಾನ ಸ್ವಲ್ಪ ಬೇರೆ, ಲೆಕ್ಕ ಇದರ ತಮ್ಮನಂಥದ್ದು. ನಮ್ಮ 23ರ ಲೆಕ್ಕದಲ್ಲಿ 7ನ್ನ ಯಾರು ಬೇಕಾದ್ರೂ ಒಂದೊಂದೇ ಹಾಕಿ ನೋಡಿ ಹುಡುಕಬಹುದು, ನಿಜವಾದ ಕಡೆ 23ರ ಬದಲು ಎಲಿಪ್ಟಿಕ್ ಕರ್ವ್ ಅನ್ನೋ ಗಣಿತದಲ್ಲಿ 256 ಬಿಟ್ಟಿನ ದೊಡ್ಡ ಸಂಖ್ಯೆಗಳಿರತ್ತೆ, ಅಲ್ಲಿ ಆ ಹುಡುಕಾಟ ಇವತ್ತಿನ ಕಂಪ್ಯೂಟರಿಗೆ ಆಗದ ಮಾತು.

ಮೂರನೇ ಪ್ರಶ್ನೆಗೆ ಬಂದ್ವಿ. ಎದುರಿಗೆ ಯಾರೂ ಇಲ್ಲ, ಸವಾಲು ಯಾರು ಕೊಡ್ತಾರೆ? 1986ರಲ್ಲಿ ಅಮೋಸ್ ಫಿಯಟ್, ಆದಿ ಶಮೀರ್ ಹೇಳಿದ ದಾರಿ: ಲೋಟವನ್ನೇ ಹ್ಯಾಶ್ ಮಾಡಿ, ಬಂದಿದ್ದನ್ನ ಸವಾಲು ಅಂತ ತಗೊಳ್ಳಿ. ಲೋಟ ಇಲ್ದೆ ಹ್ಯಾಶ್ ಲೆಕ್ಕ ಹಾಕೋಕಾಗಲ್ಲ, ಹಂಗಾಗಿ ಲೋಟ ಮೊದಲು ಸವಾಲು ಆಮೇಲೆ ಅನ್ನೋ ಕ್ರಮವನ್ನ ಗಣಿತವೇ ಕಾವಲು ಕಾಯತ್ತೆ. ನಾವು ಮಾಡಿದ ಹಿಂದುಮುಂದು ಟ್ರಿಕ್ ಈಗ ಹಾಕಿ ನೋಡಿ, ಸವಾಲು 2 ಅಂತ ಇಟ್ಕೊಂಡು ಲೋಟ 4 ಬಂತು, ಆದ್ರೆ 4ರ ಹ್ಯಾಶ್ 2 ಆಗಿರಬೇಕಲ್ಲ! ನಮ್ಮ ಆಟದಲ್ಲಿ ಹನ್ನೊಂದೇ ಸವಾಲು ಇರೋದ್ರಿಂದ ಹತ್ತಾರು ಸಲ ಪ್ರಯತ್ನ ಪಟ್ರೆ ಕೂಡಿಬರಬಹುದು, 256 ಬಿಟ್ಟಲ್ಲಿ ಬರಲ್ಲ. ಹ್ಯಾಶ್ ಮಾಡುವಾಗ ಲೋಟ ಒಂದನ್ನೇ ಅಲ್ಲ, ಏನನ್ನ ಸಾಬೀತು ಮಾಡ್ತಿದೀವೋ ಅದನ್ನೂ, ಇಲ್ಲಿ 13ನ್ನ, ಸೇರಿಸ್ಲೇಬೇಕು, ಬಿಟ್ರೆ ಲೋಟ ಮೊದಲು ಇಟ್ಟು ಆಮೇಲೆ ತಮಗೆ ಬೇಕಾದಂಗೆ 13ರ ಜಾಗಕ್ಕೆ ಬೇರೆ ಸಂಖ್ಯೆ ಕೂರಿಸೋ ದಾರಿ ತೆರೆಯತ್ತೆ. ಒಂದು ಮೆಸೇಜನ್ನೂ ಜೊತೆಗೆ ಹಾಕಿ ಹ್ಯಾಶ್ ಮಾಡಿದ್ರೆ ಅದೇ ಡಿಜಿಟಲ್ ಸಹಿ, ಬಿಟ್‌ಕಾಯಿನ್ನಿಗೆ 2021ರ ನವೆಂಬರಲ್ಲಿ ಬಂದ ಶ್ನೋರ್ ಸಹಿ ಇದೇ ಕುಟುಂಬ.

ಈಗ ನಿಮ್ಮ ವಿಡಿಯೋ ಪ್ರಶ್ನೆ ತಿರುಗಿತು ನೋಡಿ: ಹ್ಯಾಶ್ ಹಾಕಿದ ಮೇಲೆ ಆ ಪ್ರೂಫನ್ನ ನಿಮ್ಮ ಫ್ರೆಂಡಿಗೆ ಕಳಿಸಿದ್ರೆ ಅವನೂ ನಂಬ್ತಾನೆ, ನಂಬಬೇಕು ಕೂಡ, ಬ್ಲಾಕ್‌ಚೈನಿಗೆ ಬೇಕಾಗಿರೋದೇ ಅದು. ಗುಟ್ಟು ಆಗಲೂ ಸೋರಲ್ಲ, ಹ್ಯಾಶನ್ನ ಯಾರಿಗೂ ಊಹೆಗೆ ಸಿಗದ ನಾಣ್ಯದ ಥರ ಅಂದ್ಕೊಂಡ್ರೆ. ಕಳ್ಕೊಂಡಿದ್ದು "ನಾನು ಯಾರಿಗೂ ಏನೂ ಸಾಬೀತು ಮಾಡೇ ಇಲ್ಲ" ಅಂತ ಹೇಳೋ ಹಕ್ಕನ್ನ.

ಬ್ಲಾಕ್‌ಚೈನಲ್ಲಿ ಉಪಯೋಗಿಸೋ ಸ್ನಾರ್ಕ್, ಸ್ಟಾರ್ಕ್ ಅನ್ನೋ ಪ್ರೂಫ್ ವಿಧಾನಗಳ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಅದು ಇನ್ನೊಂದು ಪತ್ರಕ್ಕಾಗೋಷ್ಟಿದೆ. ಎರಡು ಸಾವಿರ ಸಲ ಲೋಟ ಎತ್ತೋ ಬದಲು, ಇಡೀ ಲೆಕ್ಕವನ್ನ ದೊಡ್ಡ ಬಹುಪದೋಕ್ತಿಗಳಾಗಿ ಬರೀತಾರೆ. ಸಾವಿರ ಡಿಗ್ರಿಯ ಎರಡು ಬೇರೆ ಬೇರೆ ಬಹುಪದೋಕ್ತಿ ಹೆಚ್ಚೆಂದ್ರೆ ಸಾವಿರ ಬಿಂದುವಲ್ಲಿ ಸೇರಬಹುದು, ಕೋಟಿ ಕೋಟಿ ಕೋಟಿ ಬಿಂದುಗಳಲ್ಲಿ ಒಂದನ್ನ ರ‍್ಯಾಂಡಮ್ಮಾಗಿ ಆರಿಸಿ ಅಲ್ಲಿ ಎರಡೂ ಕೂಡಿದ್ರೆ ಅವೆರಡೂ ಒಂದೇ ಅಂತ ನಂಬಬಹುದು, ಒಂದೇ ಕಡೆ ಚುಚ್ಚಿ ನೋಡಿದ್ರೆ ಸಾಕು. ಹಂಗಾಗಿ ಪ್ರೂಫ್ ಕೆಲವು ನೂರು ಬೈಟಲ್ಲಿ ಮುಗಿಯತ್ತೆ. ಇದು ಸ್ನಾರ್ಕ್, 2016ರಲ್ಲಿ ಶುರುವಾದ ಝೀಕ್ಯಾಶ್ ಅನ್ನೋ ಡಿಜಿಟಲ್ ಹಣ ಇದನ್ನೇ ಉಪಯೋಗಿಸಿದ್ದು. ಅದಕ್ಕೆ ಶುರುವಲ್ಲಿ ಒಂದು ಗುಟ್ಟಿನ ಸಂಖ್ಯೆ ಬಳಸಿ ಆಮೇಲೆ ನಾಶ ಮಾಡ್ಬೇಕಿತ್ತು, ಆ ಸಂಖ್ಯೆ ಇಟ್ಕೊಂಡೋರು ಸುಳ್ಳು ಪ್ರೂಫ್ ಮಾಡ್ಬಹುದು, ಅದಕ್ಕೇ ಹಲವರು ಪಾಲು ಹಾಕಿ ಮಾಡಿದ್ರು, ಒಬ್ಬರು ತಮ್ಮ ಪಾಲು ನಾಶ ಮಾಡಿದ್ರೂ ಸಾಕು. 2018ರ ಸ್ಟಾರ್ಕ್‌ಗೆ ಅಂಥದ್ದು ಬೇಡ, ಆದ್ರೆ ಪ್ರೂಫ್ ಉದ್ದ. ಇನ್ನೊಂದು ಮಾತು, ಝೀಕೆ ರೋಲಪ್ (ಬ್ಲಾಕ್‌ಚೈನಿನ ತುಂಬಾ ವ್ಯವಹಾರ ಹೊರಗೆ ಒಟ್ಟು ಮಾಡಿ ಒಂದು ಪ್ರೂಫ್ ಕೊಡೋ ವ್ಯವಸ್ಥೆ) ಅಂತ ಹೆಸರಿಟ್ಟಿರೋ ಎಷ್ಟೋ ಕಡೆ ಗುಟ್ಟು ಮುಚ್ಚೋ ಕೆಲಸಾನೇ ನಡೀತಿಲ್ಲ, ದೊಡ್ಡ ಲೆಕ್ಕಕ್ಕೆ ಸಣ್ಣ ಪ್ರೂಫ್ ಬೇಕು ಅಂತ ಮಾತ್ರ ಉಪಯೋಗಿಸ್ತಾರೆ, ಹೆಸರು ನೋಡಿ ಪ್ರೈವಸಿ ಇದೆ ಅಂತ ಅಂದ್ಕೋಬೇಡಿ.

ನಿಮ್ಮ ಮೊದಲನೇ ಡೌಟಿನ ಇನ್ನರ್ಧ ಬಾಕಿ ಇಟ್ಟಿದ್ದೆ. ನಾಳೆ ನೀವು ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗ್ತೀರಿ, ಯೂನಿವರ್ಸಿಟಿ ಡಿಜಿಟಲ್ ಸಹಿ ಹಾಕಿದ ಮಾರ್ಕ್ಸ್ ಕಾರ್ಡ್ ನಿಮ್ಮ ಮೊಬೈಲಲ್ಲಿದೆ ಅನ್ಕೊಳ್ಳಿ. "ಸರಿಯಾದ ಸಹಿ ಇರೋ ಕಾರ್ಡ್ ನನ್ನ ಹತ್ರ ಇದೆ, ಅದರಲ್ಲಿ ಶೇಕಡಾ 60ಕ್ಕಿಂತ ಜಾಸ್ತಿ ಇದೆ" ಅಂತ ಝೀರೋ ನಾಲೆಡ್ಜಲ್ಲಿ ಸಾಬೀತು ಮಾಡ್ಬಹುದು, ಕಂಪನಿಗೆ ಮಾರ್ಕ್ಸ್ ಗೊತ್ತಾಗಲ್ಲ. ಕಾರ್ಡಲ್ಲೇ ಮಾರ್ಕ್ಸ್ ತಪ್ಪು ಬಿದ್ದಿದ್ರೆ ಪ್ರೂಫಿಗೆ ಅದು ತಿಳಿಯಲ್ಲ, ಸಹಿ ಹಾಕಿದ್ದನ್ನ ಮಾತ್ರ ಅದು ನೋಡತ್ತೆ. ಅದಿರಲಿ, ಆ ಕಂಪನಿಯೋರು "60ಕ್ಕಿಂತ ಜಾಸ್ತಿನಾ?" ಕೇಳಿ, ಹೌದು ಅಂದ್ರೆ "80ಕ್ಕಿಂತ ಜಾಸ್ತಿನಾ?", ಇಲ್ಲ ಅಂದ್ರೆ "70ಕ್ಕಿಂತ?" ಅಂತ ಕೇಳ್ತಾ ಹೋದ್ರೆ? ಒಂದೊಂದು ಪ್ರೂಫೂ ಪಕ್ಕಾ ಝೀರೋ ನಾಲೆಡ್ಜ್, ಒಂದರಲ್ಲೂ ತೂತಿಲ್ಲ, ಆದ್ರೆ "ಮಾತು ನಿಜ" ಅನ್ನೋ ಆ ಒಂದು ವಿಷಯ ಪ್ರತಿ ಸಲ ಕೈ ಸೇರತ್ತಲ್ಲ, ಸೊನ್ನೆಯಿಂದ ನೂರರ ಒಳಗಿನ ಪೂರ್ಣಾಂಕ ಆದ್ರೆ ಅರ್ಧಕ್ಕೆ ಅರ್ಧ ಸೀಳ್ತಾ ಹೋಗಿ ಏಳು ಪ್ರಶ್ನೇಲಿ ನಿಮ್ಮ ಮಾರ್ಕ್ಸ್ ಅವರ ಕೈಗೆ ಬರತ್ತೆ. ಪ್ರಾಜೆಕ್ಟ್ ಮಾಡುವಾಗ ಪ್ರೋಟೋಕಾಲ್ ಆರಿಸೋಕೆ ಮುಂಚೆ, ಎಷ್ಟು ಪ್ರಶ್ನೆಗೆ ಮೊಬೈಲ್ ಉತ್ತರ ಕೊಡಬೇಕು ಅನ್ನೋದನ್ನ ಬರೆದಿಟ್ಕೊಳ್ಳಿ.